ಇಪ್ಪತ್ತು ಲ್ಯಾಪ್‌ಟಾಪ್, ಒಂದೇ ಪ್ಲಗ್: ಚಾರ್ಜ್ ಮಾಡೋದು ಹೇಗೆ?

ಪ್ರಶ್ನೆ: ನಾನು ಚಳ್ಳಕೆರೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಮೇಷ್ಟ್ರು. ದಾನಿಗಳು ಕೊಟ್ಟ 20 ಹಳೇ ಲ್ಯಾಪ್‌ಟಾಪ್ ಇವೆ. ಬ್ಯಾಟರಿ ಬಿಚ್ಚಬಹುದು, ಮೇಲೆ 11.1 ವೋಲ್ಟ್ ಎಂದಿದೆ. ಎಲ್ಲವನ್ನೂ ಒಟ್ಟಿಗೆ ಜೋಡಿಸಿ ಒಂದೇ 12 ವೋಲ್ಟ್ ಸಪ್ಲೈ ಕೊಟ್ಟು ಬೀರುವಿನಲ್ಲಿಟ್ಟು ಚಾರ್ಜ್ ಮಾಡಬಹುದೇ? ಕೋಣೆಯಲ್ಲಿರುವುದು ಒಂದೇ 6 ಆಂಪ್ ಪ್ಲಗ್.

ಉತ್ತರ: ದಯವಿಟ್ಟು ಬೇಡ ಮೇಷ್ಟ್ರೇ. ಅದರೊಳಗಿರುವುದು ಲಿಥಿಯಂ ಸೆಲ್, 3.7 ವೋಲ್ಟಿನವು ಮೂರು ಸಾಲಾಗಿ. ಪೂರ್ತಿ ತುಂಬಿದಾಗ ಒಂದೊಂದೂ 4.2 ವೋಲ್ಟ್, ಅದಕ್ಕಿಂತ ಮೇಲೆ ಹೋದರೆ ಬೆಂಕಿಯ ಭಯ. ಅಡಾಪ್ಟರ್ ಸುಮ್ನೆ 19 ವೋಲ್ಟ್ ಕೊಡುತ್ತದೆ ಅಷ್ಟೇ, ಎಷ್ಟು ಕರೆಂಟ್ ಬಿಡಬೇಕು, ಯಾವಾಗ ನಿಲ್ಲಿಸಬೇಕು ಎಂದು ನೋಡಿಕೊಳ್ಳುವ ಸರ್ಕ್ಯೂಟ್ ಇರುವುದು ಲ್ಯಾಪ್‌ಟಾಪಿನ ಒಳಗೆ. ಬ್ಯಾಟರಿ ಬಿಚ್ಚಿ ನೇರ 12 ವೋಲ್ಟ್ ಕೊಟ್ಟರೆ ಆ ಕಾವಲು ಇರುವುದಿಲ್ಲ. ಇನ್ನು ತುಂಬಿದ ಬ್ಯಾಟರಿಯನ್ನೂ ಖಾಲಿಯಾದದ್ದನ್ನೂ ನೇರ ಜೋಡಿಸಿದರೆ ಒಂದರಿಂದ ಇನ್ನೊಂದಕ್ಕೆ ಕರೆಂಟ್ ನುಗ್ಗುತ್ತದೆ. ಮಕ್ಕಳು ಓಡಾಡುವ ಜಾಗ ಅದು. ಹಾಗಾಗಿ ಬ್ಯಾಟರಿ ಲ್ಯಾಪ್‌ಟಾಪಿನಲ್ಲೇ ಇರಲಿ, ಪ್ರತಿಯೊಂದಕ್ಕೂ ಅದರದೇ ಅಡಾಪ್ಟರ್ ಇರಲಿ. ಬೇರೆ ಅಡಾಪ್ಟರ್ ಹಾಕಿದರೆ ಡೆಲ್‌ನಂಥವು ಗುರುತು ಸಿಗದೆ ಚಾರ್ಜ್ ಆಗುವುದೇ ಇಲ್ಲ.

ಈಗ ಲೋಡ್ ಲೆಕ್ಕ. 65 ವ್ಯಾಟಿನ 20 ಅಡಾಪ್ಟರ್ ಅಂದರೆ 1300 ವ್ಯಾಟ್, ನಷ್ಟ ಸೇರಿಸಿ ಸುಮಾರು 1500, ಅಂದರೆ 230 ವೋಲ್ಟಿನಲ್ಲಿ ಕನಿಷ್ಠ ಆರೂವರೆ ಆಂಪ್. ನಿಮ್ಮ ಪ್ಲಗ್ ತಡೆಯುವುದಿಲ್ಲ. ಜೊತೆಗೆ ಕರೆಂಟ್ ಹೋಗಿ ಬಂದಾಗಲೆಲ್ಲ ಇಪ್ಪತ್ತೂ ಒಂದೇ ಕ್ಷಣಕ್ಕೆ ಜೋರಾಗಿ ಎಳೆಯುತ್ತವೆ, ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳಬಹುದು. ದುಡ್ಡಿದ್ದರೆ ಮೇನ್ ಬೋರ್ಡಿನಿಂದ 2.5 ಚದರ ಮಿಲಿಮೀಟರ್ ತಾಮ್ರದ ವೈರಿನಲ್ಲಿ ಪ್ರತ್ಯೇಕ ಲೈನ್ ಎಳೆಸಿ, ಇಂಥ ಕ್ಷಣದ ಎಳೆತ ತಾಳುವ 16 ಆಂಪ್ ಸಿ ಟೈಪ್ ಎಂಸಿಬಿ, ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿ ಆಂಪ್ ಆರ್‌ಸಿಸಿಬಿ ಹಾಕಿಸಿ. ಇಲ್ಲದಿದ್ದರೆ ಹತ್ತು ಹತ್ತರ ಎರಡು ಗುಂಪು ಮಾಡಿ, ನಡುವೆ ಒಮ್ಮೆಗೆ ಒಂದೇ ಕಡೆ ಕರೆಂಟ್ ಬಿಡುವ ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಎರಡೂ ಗುಂಪು ಒಟ್ಟಿಗೆ ಆನ್ ಆಗುವ ಹಾಗೇ ಇರಬಾರದು. ಆಗ ಲೋಡ್ ಅರ್ಧಕ್ಕೆ ಇಳಿಯುತ್ತದೆ, ವೈರಿಂಗ್ ಚೆನ್ನಾಗಿದ್ದರೆ ಈಗಿರುವ ಪ್ಲಗ್ಗೇ ಸಾಕು. ಆದರೂ ಅರ್ಧ ಗಂಟೆ ಓಡಿಸಿ, ಸ್ವಿಚ್ ಆಫ್ ಮಾಡಿ ಪ್ಲಗ್ ಟಾಪ್ ಮುಟ್ಟಿ ನೋಡಿ. ಬಿಸಿ ಇದ್ದರೆ ಸಾಕೆಟ್ ಬದಲಿಸಲೇಬೇಕು. ಎಕ್ಸ್‌ಟೆನ್ಷನ್ ಬೋರ್ಡಿಗೆ ಇನ್ನೊಂದು ಎಕ್ಸ್‌ಟೆನ್ಷನ್ ಸಿಕ್ಕಿಸಬೇಡಿ.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಬೀರುವಿನದು. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿಗಿಂತ ಮೇಲೆ ಚಾರ್ಜ್ ಮಾಡಬಾರದು. ನಿಮ್ಮ ಕಡೆ ಏಪ್ರಿಲ್‌ನಲ್ಲಿ ಹೊರಗೇ 40ರ ಹತ್ತಿರ ಇರುತ್ತದೆ, ಅಲ್ವಾ? ಮುಚ್ಚಿದ ಕಬ್ಬಿಣದ ಬೀರುವಿನಲ್ಲಿ ಹತ್ತು ಅಡಾಪ್ಟರ್ ಬಿಸಿಯಾದರೆ ಕೇಳಬೇಕೇ! ಅಡಾಪ್ಟರ್‌ಗಳನ್ನು ಬೀರುವಿನ ಹಿಂದೆ, ಹೊರಗಡೆ ಮರದ ಪಟ್ಟಿಗೆ ಕಟ್ಟಿ. ಹಿಂಬದಿಗೆ ಕೆಳಗೂ ಮೇಲೂ ತೂತು ಕೊರೆಸಿ, ವೈರ್ ಹಾಯುವ ತೂತಿಗೆ ರಬ್ಬರ್ ವಾಷರ್ ಹಾಕಿಸಿ. ಲ್ಯಾಪ್‌ಟಾಪ್‌ಗಳನ್ನು ಒಂದರ ಮೇಲೊಂದು ಪೇರಿಸದೆ, ಎರಡು ಬೆರಳು ಜಾಗ ಬಿಟ್ಟು ನಿಲ್ಲಿಸಿ. ಬಾಗಿಲು ತೆರೆದಿರಲಿ, ಚಾರ್ಜ್ ಬೆಳಿಗ್ಗೆಯೇ ಮುಗಿಸಿ, ರಾತ್ರಿ ಹಾಕಿ ಹೋಗಬೇಡಿ. ಬೀರುವಿಗೆ ಅರ್ಥಿಂಗ್ ಕೊಡಿಸಿ. ಬೇಸಿಗೆಯಲ್ಲಿ ನೆಲ ಒಣಗಿದಾಗ ಅರ್ಥ್ ಪಿಟ್‌ಗೆ (ಅರ್ಥಿಂಗ್ ತಂತಿ ನೆಲಕ್ಕಿಳಿಯುವ ಗುಂಡಿಗೆ) ಆಗಾಗ ಒಂದು ಕೊಡ ನೀರು ಹಾಕಿಸಿ.

ಮೊದಲು ಇಪ್ಪತ್ತೂ ಬ್ಯಾಟರಿಗಳನ್ನು ಬಿಚ್ಚಿ ಮೇಜಿನ ಮೇಲಿಟ್ಟು ನೋಡಿ. ಉಬ್ಬಿದ್ದು ಒಂದೇ ಇದ್ದರೂ ಪಕ್ಕಕ್ಕಿಡಿ, ಅದನ್ನು ಚಾರ್ಜ್‌ಗೆ ಹಾಕಲೇಬಾರದು, ಚುಚ್ಚಲೂಬಾರದು. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಟ್ಟುಬಿಡಿ.