ಓದುಗರ ಪ್ರಶ್ನೆ: ಅಷ್ಟು ಬೇಗ ಆಡುವ ಆನಂದ್, ಅಷ್ಟು ತಡವಾಗಿ ಚಾಂಪಿಯನ್ ಆದದ್ದು ಯಾಕೆ?

ವಿಶ್ವನಾಥನ್ ಆನಂದ್ ಬಗ್ಗೆ ಏನು ಬೇಕಾದರೂ ಕೇಳಿ ಅಂತ ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆ. ಬಂದ ಪತ್ರ, ಮೆಸೇಜ್ ನೋಡಿದರೆ ಚೆಸ್ ಆಡುವವರಿಗಿಂತ ಆಡದವರೇ ಜಾಸ್ತಿ ಕೇಳಿದ್ದಾರೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ.

ಅವರ ಹೆಸರು ಆನಂದ್ ಅಲ್ವಾ? ಮತ್ತೆ ಎಲ್ಲರೂ ‘ವಿಶಿ’ ಅಂತ ಕರೆಯುವುದು ಯಾಕೆ?

ಸರಿಯಾಗಿ ಹಿಡಿದಿದ್ದೀರಿ. ಆನಂದ್ ಅಂತಲೇ ಅವರ ಹೆಸರು, ವಿಶ್ವನಾಥನ್ ಅವರ ಅಪ್ಪನ ಹೆಸರು. ನಮ್ಮಲ್ಲಿ ಇನಿಷಿಯಲ್ ಇಟ್ಟುಕೊಳ್ಳುವ ಹಾಗೇ ಇದು. ಹೊರದೇಶದ ಆಟಗಾರರು ಮೊದಲು ಬರುವುದೇ ಹೆಸರು ಅಂದುಕೊಂಡು ಅದನ್ನು ಮೊಟಕು ಮಾಡಿ ‘ವಿಶಿ’ ಮಾಡಿದರು. ಅಂದರೆ ಅರ್ಧ ಜಗತ್ತು ಅವರನ್ನು ಅಪ್ಪನ ಹೆಸರಲ್ಲೇ ಕೂಗುತ್ತಿದೆ! 4538ನೇ ನಂಬರಿನ ಒಂದು ಕ್ಷುದ್ರಗ್ರಹಕ್ಕೂ ‘ವಿಶಿಆನಂದ್’ ಅಂತಲೇ ಹೆಸರು ಇಟ್ಟಿದ್ದಾರೆ. ಆಕಾಶ ನೋಡುವುದು ಅವರ ಹವ್ಯಾಸ, ಹಾಗಾಗಿ ಖುಷಿಯಾಗಿಯೇ ಇರಬೇಕು.

ಗ್ರ್ಯಾಂಡ್‌ಮಾಸ್ಟರ್ ಅಂದರೆ ಒಂದು ಟೂರ್ನಿ ಗೆದ್ದರೆ ಸಿಗುವ ಬಿರುದಾ?

ಅಲ್ಲ. ಈಗಿನ ನಿಯಮ ಹೇಳುತ್ತೇನೆ. ರೇಟಿಂಗ್, ಅಂದರೆ ಆಟಗಾರನ ಬಲ ತೋರಿಸುವ ಅಂಕಿ, 2500 ಮುಟ್ಟಬೇಕು, ಜೊತೆಗೆ ಸಾಮಾನ್ಯವಾಗಿ ಮೂರು ‘ನಾರ್ಮ್’ ಗಳಿಸಬೇಕು. ಒಂದು ಟೂರ್ನಿಯಲ್ಲಿ ಬಲವಾದ ಎದುರಾಳಿಗಳ ಮೇಲೆ 2600 ರೇಟಿಂಗ್‌ನವರ ಮಟ್ಟಕ್ಕೆ ಆಡಿದರೆ ಒಂದು ನಾರ್ಮ್. ಒಮ್ಮೆ ಸಿಕ್ಕರೆ ಬಿರುದು ಸಾಯುವತನಕ ಇರುತ್ತದೆ, ಆಮೇಲೆ ರೇಟಿಂಗ್ ಎಷ್ಟು ಇಳಿದರೂ ಯಾರೂ ಕಿತ್ತುಕೊಳ್ಳುವುದಿಲ್ಲ. ಆನಂದ್ 1988ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದರು. ಆಗ ಅವರಿಗೆ 18 ವರ್ಷ, ಭಾರತಕ್ಕೆ ಅವರೇ ಮೊದಲಿಗರು. ಅದಕ್ಕೂ ಮೊದಲಿನ ದೊಡ್ಡ ಹೆಸರು ಮ್ಯಾನ್ಯುಯಲ್ ಏರನ್ ಅವರದು, 1961ರಲ್ಲಿ ದೇಶದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ ಆದವರು. ಮೊದಲ ಮೆಟ್ಟಿಲಿನಿಂದ ಎರಡನೆಯದಕ್ಕೆ ದೇಶಕ್ಕೆ 27 ವರ್ಷ ಹಿಡಿಯಿತು ನೋಡಿ.

ಮಗಳನ್ನು ಚೆಸ್ ಕ್ಲಾಸಿಗೆ ಸೇರಿಸಿದ್ದೇನೆ. ಆನಂದ್ ಅವರಿಗೆ ಕಲಿಸಿದವರು ಯಾರು? (ಒಬ್ಬ ತಾಯಿ ಕೇಳಿದ್ದು)

ನಿಮ್ಮ ಹಾಗೇ ಒಬ್ಬ ತಾಯಿ. ಆನಂದ್ ಹುಟ್ಟಿದ್ದು 1969ರ ಡಿಸೆಂಬರ್ 11ರಂದು ತಮಿಳುನಾಡಿನ ಮೈಲಾಡುತುರೈಯಲ್ಲಿ, ಬೆಳೆದದ್ದು ಚೆನ್ನೈಯಲ್ಲಿ. ಅಮ್ಮ ಸುಶೀಲಾ ಅವರಿಂದ ಆರನೇ ವಯಸ್ಸಿಗೆ ಆಟ ಕಲಿತರು. ಅಪ್ಪ ರೈಲ್ವೆಯಲ್ಲಿದ್ದರು. ಕೆಲಸದ ಮೇಲೆ ಅವರಿಗೆ ಫಿಲಿಪ್ಪೀನ್ಸ್‌ನ ಮನಿಲಾಗೆ ಹೋಗಬೇಕಾಯಿತು, ಮನೆಯವರೂ ಜೊತೆಗೆ ಹೋದರು. 1978ರಲ್ಲಿ ಕಾರ್ಪೊವ್ ಮತ್ತು ಕೊರ್ಚ್‌ನಾಯ್ ನಡುವಿನ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಅದೇ ದೇಶದ ಬಾಗಿಯೊದಲ್ಲಿ, ಅಲ್ಲಿ ಆಗ ಚೆಸ್ ಹುಚ್ಚು ಜೋರಾಗಿತ್ತು.

ಈ ಮನಿಲಾ ಕಾಲದ ಒಂದು ಕಥೆಯನ್ನು ಆನಂದ್ ತುಂಬ ಸಲ ಹೇಳಿಕೊಂಡಿದ್ದಾರೆ. ಅಲ್ಲಿನ ಟಿವಿಯಲ್ಲಿ ಮಧ್ಯಾಹ್ನ ಒಂದು ಚೆಸ್ ಕಾರ್ಯಕ್ರಮ ಬರುತ್ತಿತ್ತು, ಕೊನೆಗೆ ಒಂದು ಒಗಟು ಕೊಡುತ್ತಿದ್ದರು. ಹುಡುಗ ಶಾಲೆಯಲ್ಲಿ. ಅಮ್ಮ ಟಿವಿ ಮುಂದೆ ಕೂತು ಆಟಗಳನ್ನೂ ಒಗಟನ್ನೂ ಬರೆದಿಡುತ್ತಿದ್ದರು, ಸಂಜೆ ಇಬ್ಬರೂ ಸೇರಿ ಬಿಡಿಸಿ ಉತ್ತರ ಕಳಿಸುತ್ತಿದ್ದರು. ಬಹುಮಾನ ಪುಸ್ತಕ. ಎಷ್ಟು ಸಲ ಗೆದ್ದರು ಅಂದರೆ, ಕೊನೆಗೆ ಕಾರ್ಯಕ್ರಮದವರೇ ಕರೆದು ನಿನಗೆ ಬೇಕಾದ ಪುಸ್ತಕವನ್ನೆಲ್ಲ ತೆಗೆದುಕೊಂಡು ಹೋಗು, ಇನ್ನು ಮೇಲೆ ಉತ್ತರ ಮಾತ್ರ ಕಳಿಸಬೇಡ ಅಂದರಂತೆ. ಒಂಬತ್ತು ವರ್ಷ ಬಿಟ್ಟು, 1987ರಲ್ಲಿ, ಅದೇ ಬಾಗಿಯೊದಲ್ಲಿ ಅವರು ಜೂನಿಯರ್ ವಿಶ್ವ ಚಾಂಪಿಯನ್ ಆದರು.

ಓದು ಬಿಡಿಸಬೇಕಾ ಅಂತಲೂ ಕೇಳಿದ್ದೀರಿ. ಆನಂದ್ ಬಿಡಲಿಲ್ಲ, ಲೊಯೋಲಾ ಕಾಲೇಜಿನಲ್ಲಿ ಬಿ.ಕಾಂ. ಮಾಡಿದರು. ಆದರೆ ಅದನ್ನೇ ನಿಯಮ ಮಾಡಿಕೊಳ್ಳಬೇಡಿ. ಆಗಿನ ಚೆಸ್ ಬೇರೆ, ಈಗಿನದು ಬೇರೆ.

ನಿಜಕ್ಕೂ ಅಷ್ಟು ವೇಗವಾಗಿ ಆಡುತ್ತಿದ್ದರಾ, ಇಲ್ಲ ಪೇಪರಿನವರು ಉಬ್ಬಿಸಿದ್ದಾ?

ಉಬ್ಬಿಸಿದ್ದಲ್ಲ. ಚೆನ್ನೈಯ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ ತಾಲ್ ಚೆಸ್ ಕ್ಲಬ್ ಅಂತ ಇತ್ತು. ಅಲ್ಲಿ ಬ್ಲಿಟ್ಜ್, ಅಂದರೆ ಕೆಲವೇ ನಿಮಿಷದಲ್ಲಿ ಮುಗಿಯುವ ಆಟದ ಪದ್ಧತಿ ಏನೆಂದರೆ ಗೆದ್ದವನು ಕೂತೇ ಇರುತ್ತಾನೆ, ಸೋತವನು ಎದ್ದು ಸಾಲಿನ ಕೊನೆಗೆ ಹೋಗಬೇಕು. ಮತ್ತೆ ಸರದಿ ಬರುವುದಕ್ಕೆ ಕಾಯಬೇಕು. ಹುಡುಗನಿಗೆ ಕುರ್ಚಿ ಬಿಡುವುದಕ್ಕೆ ಇಷ್ಟ ಇರಲಿಲ್ಲ, ಅಷ್ಟೇ! ಅಲ್ಲಿ ಕೈಗೆ ಹತ್ತಿದ ವೇಗ ದೊಡ್ಡ ಟೂರ್ನಿಗಳಿಗೂ ಹೋಯಿತು. ಎದುರಾಳಿ ಎರಡು, ಎರಡೂವರೆ ಗಂಟೆ ತಲೆ ಹಿಡಿದು ಕೂತಿದ್ದರೆ ಇವರು ಪೂರ್ತಿ ಆಟವನ್ನು ಅರ್ಧ ಗಂಟೆಯಲ್ಲಿ ಮುಗಿಸಿ ಓಡಾಡುತ್ತಿದ್ದರು. 1983ರ ರಾಷ್ಟ್ರೀಯ ಸಬ್ ಜೂನಿಯರ್‌ನಲ್ಲಿ 9ಕ್ಕೆ 9, 16ನೇ ವಯಸ್ಸಿಗೆ ರಾಷ್ಟ್ರೀಯ ಚಾಂಪಿಯನ್.

ಆದರೆ ವೇಗಕ್ಕೆ ಬೆಲೆಯೂ ಇದೆ. 1988ರಲ್ಲೇ, ಬೀಲ್ ಟೂರ್ನಿಯಲ್ಲಿ, ಕೊಲಂಬಿಯಾದ ಅಲೋನ್ಸೊ ಸಪಾಟಾ ಎದುರು ಆನಂದ್ ಬರೀ 6 ನಡೆಗೆ ಸೋತರು. ಹೌದು, ಆರೇ! ಬೇರೆ ಇಬ್ಬರು ಆಡಿದ್ದ ಪೆಟ್ರಾಫ್ ಡಿಫೆನ್ಸ್ ಅನ್ನುವ ಆರಂಭದ ಆಟವೊಂದನ್ನು ನೋಡಿಕೊಂಡಿದ್ದರು. ಆ ಆಟದಲ್ಲಿ ಕಪ್ಪಿನವರು ಒಂಟೆಯನ್ನು ಎಫ್5 ಮನೆಗೆ ತಂದಿದ್ದರು, ಬಿಳಿಯವರು ಏನೂ ಮಾಡಿರಲಿಲ್ಲ, ಆಟ ಡ್ರಾ ಆಗಿತ್ತು. ಇವರೂ ಅದನ್ನೇ ಆಡಿದರು. ಸಪಾಟಾ ರಾಣಿಯನ್ನು ಇ2ಕ್ಕೆ ಸರಿಸಿದರು. ಇ4ರಲ್ಲಿದ್ದ ಕಪ್ಪು ಕುದುರೆಯ ಹಿಂದೆಯೇ ಅದರ ರಾಜ, ಹಾಗಾಗಿ ಕುದುರೆ ಅಲ್ಲಾಡುವ ಹಾಗಿಲ್ಲ. ಕುದುರೆ ಹೋದ ಹಾಗೇ. ನಾನು ಕೂಡ ಪುಸ್ತಕದ ನಡೆ ಉರುಹೊಡೆದು ಹೋಗಿ ಕ್ಲಬ್ಬಿನಲ್ಲಿ ಮಂಗ ಆಗಿದ್ದಿದೆ, ಆದ್ದರಿಂದ ಈ ಆಟ ನೆನೆಸಿಕೊಂಡರೆ ಒಂಥರಾ ಸಮಾಧಾನ.

1991ರಿಂದಲೇ ಜಗತ್ತಿನ ಮೊದಲ ಸಾಲಿನಲ್ಲಿದ್ದವರು. ಪಟ್ಟಕ್ಕೆ ಬರುವುದಕ್ಕೆ ಇಷ್ಟು ವರ್ಷ ಯಾಕೆ ಬೇಕಾಯಿತು?

ತುಂಬ ಜನ ಕೇಳಿದ್ದು ಇದನ್ನೇ, ನನಗೂ ಇಷ್ಟವಾದ ಪ್ರಶ್ನೆ ಇದೇ.

1991-92ರ ರೆಜ್ಜೊ ಎಮಿಲಿಯಾ ಟೂರ್ನಿಯಲ್ಲಿ ಕಾಸ್ಪರೊವ್, ಕಾರ್ಪೊವ್ ಇಬ್ಬರನ್ನೂ ಹಿಂದೆ ಹಾಕಿ ಆನಂದ್ ಮೊದಲ ಸ್ಥಾನ ಪಡೆದಿದ್ದರು. ಇನ್ನೇನು ಎರಡು ಮೂರು ವರ್ಷ ಅಂತ ಎಲ್ಲರೂ ಅಂದುಕೊಂಡರು. ಆದರೆ ಟೂರ್ನಿ ಬೇರೆ, ಒಬ್ಬನೇ ಎದುರಾಳಿಯ ಜೊತೆ ವಾರಗಟ್ಟಲೆ ಆಡುವ ಮ್ಯಾಚ್ ಬೇರೆ. 1991ರಲ್ಲೇ ಕ್ಯಾಂಡಿಡೇಟ್ಸ್‌ನಲ್ಲಿ, ಅಂದರೆ ಚಾಂಪಿಯನ್‌ಗೆ ಸವಾಲು ಹಾಕುವವರನ್ನು ಆರಿಸುವ ಸ್ಪರ್ಧೆಯಲ್ಲಿ, ಕಾರ್ಪೊವ್ ಎದುರು ಒಂದೇ ಪಾಯಿಂಟಿನಿಂದ ಸೋತರು. 1994ರಲ್ಲಿ ಹೈದರಾಬಾದ್ ಹತ್ತಿರದ ಸಂಘಿ ನಗರದಲ್ಲಿ ಗಾಟಾ ಕಾಮ್ಸ್ಕಿ ಮೇಲೆ ಎರಡು ಪಾಯಿಂಟ್ ಮುಂದಿದ್ದರು, ಅದನ್ನು ಕಳೆದುಕೊಂಡು ಸಮ ಆಯಿತು. ಆಮೇಲೆ ರ್ಯಾಪಿಡ್ ಟೈಬ್ರೇಕ್, ಅಂದರೆ ಗೆದ್ದವರು ಯಾರು ಅಂತ ತೀರ್ಮಾನಿಸಲು ಕಡಿಮೆ ಸಮಯದ ಆಟಗಳು. ಜಗತ್ತಿನಲ್ಲೇ ವೇಗದ ಆಟಗಾರ ಅನ್ನಿಸಿಕೊಂಡವರು ಆ ಎರಡೂ ಆಟ ಸೋತರು! ಅದೂ ನಮ್ಮ ದೇಶದಲ್ಲಿ, ನಮ್ಮವರ ಎದುರಿಗೇ.

1995ರಲ್ಲಿ ಲಾಸ್ ಪಾಲ್ಮಾಸ್‌ನಲ್ಲಿ ಅದೇ ಕಾಮ್ಸ್ಕಿಯನ್ನು ಸೋಲಿಸಿ, ಆಗಿನ ಚಾಂಪಿಯನ್ ಕಾಸ್ಪರೊವ್ ಎದುರು ಪಟ್ಟಕ್ಕಾಗಿ ಕೂತರು. ಜಾಗ ನ್ಯೂಯಾರ್ಕ್‌ನ ವರ್ಲ್ಡ್ ಟ್ರೇಡ್ ಸೆಂಟರ್, 107ನೇ ಮಹಡಿ. ಶುರುವಾದ ದಿನ ಸೆಪ್ಟೆಂಬರ್ 11, ಈಗ ಓದಿದರೆ ಮೈ ಜುಮ್ಮೆನ್ನುತ್ತದೆ. ಮೊದಲ ಎಂಟು ಆಟ ಡ್ರಾ. ಒಂಬತ್ತನೆಯದನ್ನು ಆನಂದ್ ಗೆದ್ದರು. ಹತ್ತನೆಯದಕ್ಕೆ ಕಾಸ್ಪರೊವ್ ಮನೆಯಲ್ಲಿ ಪಾಠ ಮಾಡಿಕೊಂಡು ಬಂದಿದ್ದರು, ಆನೆಯನ್ನೇ ಬಲಿ ಕೊಟ್ಟು ಆಟ ಕೆಡವಿದರು. ಹನ್ನೊಂದರಲ್ಲಿ ಯಾರೂ ನಿರೀಕ್ಷಿಸದ ಸಿಸಿಲಿಯನ್ ಡ್ರ್ಯಾಗನ್ ಅನ್ನುವ ಆರಂಭ ತೆಗೆದರು. ಐದು ಆಟದಲ್ಲಿ ನಾಲ್ಕು ಸೋಲು. ಕೊನೆಗೆ 10.5-7.5.

1998 ಇದಕ್ಕಿಂತ ಬೇಜಾರಿನದು. ಗ್ರೋನಿಂಗನ್‌ನಲ್ಲಿ ತಿಂಗಳಿಡೀ ನಾಕೌಟ್ ಆಡಿ ಗೆದ್ದವರು, ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಲೊಸಾನ್‌ಗೆ ಹೋಗಿ ಕಾರ್ಪೊವ್ ಎದುರು ಆಡಬೇಕಾಯಿತು. ಕಾರ್ಪೊವ್ ಅವರನ್ನು ನೇರ ಫೈನಲ್‌ಗೆ ಕೂರಿಸಿದ್ದರು, ಅವರು ಆರಾಮವಾಗಿ ಕಾಯುತ್ತಿದ್ದರು. ಇದು ಯಾವ ನ್ಯಾಯ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆದರೂ ಕೊನೆಯ ಆಟ ಗೆದ್ದು 3-3 ಮಾಡಿದರು. ಮತ್ತೆ ರ್ಯಾಪಿಡ್, ಮತ್ತೆ ಎರಡೂ ಸೋಲು.

ನನ್ನ ಲೆಕ್ಕದಲ್ಲಿ ಕಾರಣ ಇಷ್ಟೇ. ನಡೆ ಅವರಿಗೆ ತಾನಾಗಿ ಹೊಳೆಯುತ್ತಿತ್ತು, ಹೊಳೆದದ್ದು ಬಹಳ ಸಲ ಸರಿಯೇ ಇರುತ್ತಿತ್ತು, ಆದ್ದರಿಂದ ಅದನ್ನು ಅನುಮಾನಿಸುವ ಅಭ್ಯಾಸ ತಡವಾಗಿ ಬಂತು. ಜೊತೆಗೆ ಕಾಸ್ಪರೊವ್, ಕಾರ್ಪೊವ್ ಹಿಂದೆ ಸೋವಿಯತ್ ಕಾಲದ ದೊಡ್ಡ ವ್ಯವಸ್ಥೆಯೇ ಇತ್ತು. ಇವರ ಹಿಂದೆ ಅಂಥದ್ದು ಇರಲಿಲ್ಲ, ಮ್ಯಾಚ್‌ಗೆ ತಂಡ ಕಟ್ಟುವುದನ್ನು ಸೋತು ಸೋತೇ ಕಲಿಯಬೇಕಾಯಿತು.

ಹಾಗಾದರೆ ಅವರು ಐದು ಸಲ ಚಾಂಪಿಯನ್ ಅನ್ನುವುದು ಹೇಗೆ?

2000ದಲ್ಲಿ ಟೆಹ್ರಾನ್‌ನಲ್ಲಿ ಶಿರೋವ್ ಅವರನ್ನು 3.5-0.5ರಿಂದ ಸೋಲಿಸಿ ಫಿಡೆಯ, ಅಂದರೆ ಅಂತರರಾಷ್ಟ್ರೀಯ ಚೆಸ್ ಸಂಸ್ಥೆಯ, ಚಾಂಪಿಯನ್ ಆದರು. ಆದರೆ ಆಗ ಪಟ್ಟ ಎರಡಾಗಿ ಒಡೆದಿತ್ತು, ಇನ್ನೊಂದು ಕ್ರಾಮ್ನಿಕ್ ಹತ್ತಿರ ಇತ್ತು, ಜನ ಪೂರ್ತಿ ಒಪ್ಪಲಿಲ್ಲ. ತಕರಾರಿಲ್ಲದ ಪಟ್ಟ ಬಂದದ್ದು 2007ರಲ್ಲಿ, ಮೆಕ್ಸಿಕೊ ಸಿಟಿಯಲ್ಲಿ, 14ಕ್ಕೆ 9 ಪಾಯಿಂಟ್, ಒಂದೂ ಸೋಲಿಲ್ಲ. ಆಗ ವಯಸ್ಸು 37. ಆಮೇಲೆ ಮೂರು ಮ್ಯಾಚ್ ಗೆದ್ದು ಉಳಿಸಿಕೊಂಡರು. ನಾಕೌಟ್, ಟೂರ್ನಿ, ಮ್ಯಾಚ್ ಹೀಗೆ ಮೂರು ಬಗೆಯಲ್ಲೂ ಪಟ್ಟ ಗೆದ್ದವರು ಅವರೊಬ್ಬರೇ.

2008ರಲ್ಲಿ ಬಾನ್‌ನಲ್ಲಿ ಕ್ರಾಮ್ನಿಕ್. ಜೀವನವಿಡೀ ಹೆಚ್ಚಾಗಿ ರಾಜನ ಮುಂದಿನ ಪಾನ್ ಸರಿಸಿ ಆಟ ಶುರು ಮಾಡಿದವರು, ಇಲ್ಲಿ ರಾಣಿಯ ಮುಂದಿನದನ್ನು ಸರಿಸಿದರು. ತಂಡದಲ್ಲಿ ನೀಲ್ಸನ್, ಕಾಸಿಮ್‌ಜಾನೊವ್, ವೊಯ್ತಾಷೆಕ್ ಮತ್ತು ನಮ್ಮ ಸೂರ್ಯಶೇಖರ ಗಂಗೂಲಿ. ಮೂರು ಮತ್ತು ಐದನೇ ಆಟವನ್ನು ಕಪ್ಪು ಕಾಯಿಯಲ್ಲೇ ಗೆದ್ದರು. ಮನೆಪಾಠ ಅಂದರೆ ಏನು ಅಂತ ಕಾಸ್ಪರೊವ್ ಹೇಳಿಕೊಟ್ಟದ್ದನ್ನು ಕ್ರಾಮ್ನಿಕ್ ಮೇಲೆ ತೀರಿಸಿದ ಹಾಗಿತ್ತು.

2010ರದ್ದು ಸಿನಿಮಾ. ಬಲ್ಗೇರಿಯಾದ ಸೋಫಿಯಾದಲ್ಲಿ ಟೊಪಾಲೊವ್ ಎದುರು, ಅವರ ದೇಶದಲ್ಲೇ. ಐಸ್‌ಲ್ಯಾಂಡ್‌ನಲ್ಲಿ ಜ್ವಾಲಾಮುಖಿ ಸಿಡಿದು ಯುರೋಪಿನ ವಿಮಾನಗಳೆಲ್ಲ ನಿಂತವು, ಆನಂದ್ ಫ್ರಾಂಕ್‌ಫರ್ಟ್‌ನಲ್ಲಿ ಸಿಕ್ಕಿಬಿದ್ದರು. ಸುಮಾರು 40 ಗಂಟೆ ರಸ್ತೆಯಲ್ಲೇ ಬಂದರು. ಮೂರು ದಿನ ಮುಂದೂಡಿ ಅಂತ ಕೇಳಿದರೆ ಸಿಕ್ಕಿದ್ದು ಒಂದು ದಿನ. ಮೊದಲ ಆಟ ಸೋತರು. ಹನ್ನೊಂದು ಆಟ ಮುಗಿದಾಗ 5.5-5.5. ಹನ್ನೆರಡನೆಯದು ಡ್ರಾ ಆದರೆ ರ್ಯಾಪಿಡ್. ರ್ಯಾಪಿಡ್‌ನಲ್ಲಿ ಆನಂದ್ ಅವರನ್ನು ಎದುರಿಸುವುದು ಟೊಪಾಲೊವ್‌ಗೆ ಬೇಡವಾಗಿತ್ತು, ಹಾಗಾಗಿ ಸಮವಾಗಿದ್ದ ಆಟವನ್ನು ಎಳೆದಾಡಿದರು, ತಮ್ಮ ರಾಜನ ಮುಂದಿನ ದಾರಿಯನ್ನು ತಾವೇ ತೆರೆದುಕೊಟ್ಟರು. ಕಪ್ಪು ಕಾಯಿಯಲ್ಲಿದ್ದ ಆನಂದ್ ಬಿಡಲಿಲ್ಲ. 1994 ಮತ್ತು 1998ರಲ್ಲಿ ಕೈ ಕೊಟ್ಟ ವೇಗ ಇಲ್ಲಿ ಗಡಿಯಾರ ಒತ್ತುವ ಮೊದಲೇ ಕೆಲಸ ಮಾಡಿತ್ತು! ಎರಡು ವರ್ಷ ಬಿಟ್ಟು ಮಾಸ್ಕೋದಲ್ಲಿ ಗೆಲ್ಫಾಂಡ್ ಎದುರು 6-6 ಆದಾಗ ರ್ಯಾಪಿಡ್‌ನಲ್ಲೇ 2.5-1.5ರಿಂದ ಪಟ್ಟ ಉಳಿಸಿಕೊಂಡರು.

ನಾರ್ವೆಯ ಕಾರ್ಲ್‌ಸನ್ ಎದುರು ಎರಡು ಸಲ ಸೋತದ್ದು ವಯಸ್ಸಿನಿಂದಲಾ?

ಸ್ವಲ್ಪ ಹೌದು. 2013ರಲ್ಲಿ ಚೆನ್ನೈಯಲ್ಲಿ ಇವರಿಗೆ 43, ಆ ಹುಡುಗನಿಗೆ 22. ಡ್ರಾ ಅನ್ನಿಸುವ ಆಟವನ್ನು ಕಾರ್ಲ್‌ಸನ್ ಐದಾರು ಗಂಟೆ ಹಿಂಡುತ್ತಿದ್ದರು. 6.5-3.5. ಮುಗಿಯಿತು ಅಂತ ನಾನೂ ಬರೆದಿದ್ದೆ, ನಾಚಿಕೆಯಿಂದ ಹೇಳುತ್ತೇನೆ. ಮರುವರ್ಷ ಆನಂದ್ ಖಾಂತಿ ಮಾನ್ಸಿಸ್ಕ್‌ನಲ್ಲಿ ಕ್ಯಾಂಡಿಡೇಟ್ಸ್ ಗೆದ್ದು ಮತ್ತೆ ಸವಾಲು ಹಾಕಿದರು.

ಸೋಚಿಯ ಆ ಮ್ಯಾಚ್‌ನ ಆರನೇ ಆಟ ನೋಡಿ. 26ನೇ ನಡೆಯಲ್ಲಿ ಕಾರ್ಲ್‌ಸನ್ ರಾಜನನ್ನು ತಪ್ಪು ಮನೆಗೆ ಇಟ್ಟರು. ಕುದುರೆಯಲ್ಲಿ ಪಾನ್ ಹೊಡೆದಿದ್ದರೆ ಮ್ಯಾಚೇ ತಿರುಗುತ್ತಿತ್ತೋ ಏನೋ. ಆನಂದ್ ಜಾಸ್ತಿ ಯೋಚಿಸಲಿಲ್ಲ, ಅಂಚಿನ ಪಾನ್ ಒಂದನ್ನು ಸರಿಸಿಬಿಟ್ಟರು. ಸರಿಸಿದ ಮೇಲೆ ಕಾಣಿಸಿತು. ತಾಲ್ ಕ್ಲಬ್ಬಿನ ಆ ಹುಡುಗ ಎಲ್ಲೂ ಹೋಗಿರಲಿಲ್ಲ. ಆ ಆಟ ಸೋತರು, ಕೊನೆಗೆ ಮ್ಯಾಚ್ 6.5-4.5.

ಹುಡುಗ ಎಲ್ಲೂ ಹೋಗದೆ ಇದ್ದದ್ದು ಒಳ್ಳೆಯದೂ ಆಯಿತು. 2017ರ ಡಿಸೆಂಬರ್‌ನಲ್ಲಿ ಲಂಡನ್ ಟೂರ್ನಿಯ ಪಟ್ಟಿಯ ತಳದಲ್ಲಿ ಉಳಿದವರು, ಅದೇ ತಿಂಗಳು ರಿಯಾದ್‌ಗೆ ಹೋಗಿ 48ನೇ ವಯಸ್ಸಿಗೆ ರ್ಯಾಪಿಡ್ ವಿಶ್ವ ಚಾಂಪಿಯನ್ ಆದರು. ದಾರಿಯಲ್ಲಿ ಕಾರ್ಲ್‌ಸನ್ ಅವರನ್ನೂ ಸೋಲಿಸಿದರು.

ಈಗ ಏನು ಮಾಡುತ್ತಿದ್ದಾರೆ? ಗುಕೇಶ್‌ಗೆ ಕೋಚ್ ಅವರೇನಾ?

ದಿನನಿತ್ಯದ ಕೋಚ್ ಅಲ್ಲ. 2020ರಲ್ಲಿ ಶುರುವಾದ ವೆಸ್ಟ್‌ಬ್ರಿಡ್ಜ್ ಆನಂದ್ ಚೆಸ್ ಅಕಾಡೆಮಿಯಲ್ಲಿ ಗುಕೇಶ್, ಪ್ರಜ್ಞಾನಂದ ಮುಂತಾದವರಿಗೆ ಮಾರ್ಗದರ್ಶನ ಮಾಡಿದರು. 2022ರಲ್ಲಿ ಫಿಡೆಯ ಉಪಾಧ್ಯಕ್ಷರಾದರು. ಆಟ ಕಡಿಮೆ ಮಾಡಿದ್ದಾರೆ, ಬಿಟ್ಟಿಲ್ಲ.

1986ರಿಂದ 37 ವರ್ಷ ಭಾರತದ ನಂಬರ್ ಒನ್ ಅವರೇ. 2023ರ ಸೆಪ್ಟೆಂಬರ್ ಪಟ್ಟಿಯಲ್ಲಿ ಅವರನ್ನು ದಾಟಿದ್ದು ಗುಕೇಶ್. 2024ರಲ್ಲಿ ಸಿಂಗಪುರದಲ್ಲಿ 18ಕ್ಕೇ ವಿಶ್ವ ಚಾಂಪಿಯನ್ ಆದದ್ದೂ ಅದೇ ಗುಕೇಶ್, ಆನಂದ್ ಗ್ರ್ಯಾಂಡ್‌ಮಾಸ್ಟರ್ ಆದ ವಯಸ್ಸಿಗೆ. 2013ರಲ್ಲಿ ಚೆನ್ನೈಯಲ್ಲಿ ಆನಂದ್ ಸೋಲುತ್ತಿದ್ದಾಗ ಗಾಜಿನ ಗೋಡೆಯ ಈಚೆ, ಪ್ರೇಕ್ಷಕರ ಸಾಲಿನಲ್ಲಿ ಏಳು ವರ್ಷದ ಹುಡುಗನಾಗಿ ಕೂತು ಒಳಗೆ ನೋಡುತ್ತಿದ್ದದ್ದನ್ನು ಗುಕೇಶ್ ತಾನೇ ಹೇಳಿಕೊಂಡಿದ್ದಾನೆ.