ಉಪ್ಪಿಟ್ಟಿನ ತಪಾಸಣೆ, ಟೇಪಿನ ತಪಾಸಣೆ

ಹಾವೇರಿ ಜಿಲ್ಲೆಯ ಓದುಗರೊಬ್ಬರ ಪತ್ರ: “ಹೊರಗಿನವರು ಬಂದು ತಪಾಸಣೆ ಮಾಡಿದರೆ ಪಂಚಾಯಿತಿ ಕೆಲಸ ಸುಧಾರಿಸುತ್ತದೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಮ್ಮೂರಿಗೆ ಸಾಹೇಬರು ಬರುವ ಮುನ್ನಾದಿನ ಗೋಡೆಗೆ ಸುಣ್ಣ, ಚರಂಡಿಗೆ ಬ್ಲೀಚಿಂಗ್ ಪುಡಿ. ಬಂದವರು ಉಪ್ಪಿಟ್ಟು ತಿಂದು, ಸಹಿ ಹಾಕಿ ಹೋಗುತ್ತಾರೆ. ಏನು ಸುಧಾರಿಸೀತು?”

ಸಂಪಾದಕರ ಉತ್ತರ:

ಏನೂ ಸುಧಾರಿಸದು. ಆದರೆ ಆ ಸಾಹೇಬರು ಹೊರಗಿನವರಲ್ಲವಲ್ಲ! ಕೆಲಸ ಮಂಜೂರು ಮಾಡಿದ್ದು, ಬಿಲ್ಲು ಪಾಸು ಮಾಡಿದ್ದು ಅವರದೇ ಇಲಾಖೆಯವರು. ತಪ್ಪು ಬರೆದರೆ ಅವರ ಕಾಲಿಗೇ ಸುತ್ತಿಕೊಳ್ಳುತ್ತದೆ.

ನನ್ನ ಮನಸ್ಸಿನಲ್ಲಿದ್ದದ್ದು ಉದ್ಯೋಗ ಖಾತರಿಯ ಸಾಮಾಜಿಕ ಲೆಕ್ಕಪರಿಶೋಧನೆ, ಅಂದರೆ ಕಡತದಲ್ಲಿ ಬರೆದದ್ದನ್ನು ಊರವರೆದುರೇ ತಾಳೆ ನೋಡುವುದು. ಅದರ ಬೇರು ರಾಜಸ್ಥಾನದಲ್ಲಿದೆ. 1994ರ ಡಿಸೆಂಬರಿನಲ್ಲಿ ಪಾಲಿ ಜಿಲ್ಲೆಯ ಕೋಟ್‌ಕಿರಾನಾದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಪಂಚಾಯಿತಿ ಕಾಮಗಾರಿಗಳ ಕಡತವನ್ನು ಊರವರ ಮುಂದೆ ಗಟ್ಟಿಯಾಗಿ ಓದಿಸಿದರು. 2005ರ ಉದ್ಯೋಗ ಖಾತರಿ ಕಾಯ್ದೆಯ 17ನೇ ಕಲಂ ಇದನ್ನೇ ಗ್ರಾಮಸಭೆಯ ಹಕ್ಕು ಮಾಡಿತು. 2011ರ ನಿಯಮಗಳು ಇನ್ನಷ್ಟು ಬಿಗಿ ಮಾಡಿದವು: ಆರು ತಿಂಗಳಿಗೊಮ್ಮೆಯಾದರೂ ಪರಿಶೋಧನೆ ನಡೆಯಬೇಕು, ಕಾಗದಪತ್ರ 15 ದಿನ ಮೊದಲೇ ಪರಿಶೋಧಕರ ಕೈಗೆ ಬರಬೇಕು, ಪರಿಶೋಧನೆಗೆ ಬರುವವರು ಅದೇ ಪಂಚಾಯಿತಿಯ ನಿವಾಸಿಗಳಾಗಿರಬಾರದು. ಕೊನೆಯದು ನನಗೆ ಬಹಳ ಮೆಚ್ಚುಗೆ. ನಮ್ಮೂರಲ್ಲಿ ಭಾವನ ಬದುವನ್ನು ಬಾಮೈದ ಅಳೆದರೆ ಅಳತೆ ಹೇಗಿರುತ್ತದೆಂದು ನಿಮಗೂ ಗೊತ್ತು.

ಕೆಲವು ವರ್ಷಗಳ ಹಿಂದೆ ಅಂಥದ್ದೊಂದು ತಂಡದ ಹಿಂದೆ ಹೋಗಿದ್ದೆ. ಊರಿನ ಹೆಸರು ಬೇಡ. ಇಬ್ಬರು ಹುಡುಗಿಯರು ಕೃಷಿ ಹೊಂಡಕ್ಕಿಳಿದು ಟೇಪು ಹಿಡಿದರು. ಅಳತೆ ಪುಸ್ತಕದಲ್ಲಿ ಬರೆದ ಆಳಕ್ಕೆ ಎರಡೂವರೆ ಅಡಿ ಕಮ್ಮಿ. “ಮಳೆಗೆ ಹೂಳು ತುಂಬಿದೆ” ಎಂದರು ಎಂಜಿನಿಯರು. ಹುಡುಗಿಯೊಬ್ಬಳು ಏನೂ ಮಾತಾಡದೆ ಗುದ್ದಲಿ ತರಿಸಿದಳು. ಗೇಣುದ್ದ ಅಗೆಯುವಷ್ಟರಲ್ಲಿ ಗಟ್ಟಿ ನೆಲ ಸಿಕ್ಕಿತು.

ಮರುದಿನ ಗ್ರಾಮಸಭೆಯಲ್ಲಿ ಎನ್‌ಎಂಆರ್ (ಕೂಲಿಕಾರರ ಹಾಜರಿ ಪಟ್ಟಿ) ಓದುತ್ತಿದ್ದಂತೆ ಹಿಂದಿನಿಂದ ಹೆಂಗಸೊಬ್ಬಳು ಎದ್ದಳು: “ಹದಿನಾಲ್ಕು ದಿನ ನಾನು ಮಣ್ಣು ಹೊತ್ತೆ ಅಂತ ಬರದೀರಲ್ಲ, ಆಗ ನಾನು ಬಾಣಂತಿ, ತವರಾಗಿದ್ದೆ!” ಸಭೆ ನಕ್ಕಿತು, ಪಿಡಿಒ ನಗಲಿಲ್ಲ. ತಮ್ಮ ಹೆಸರಿನ ಮುಂದೆ ಎಷ್ಟು ದಿನ ಬರೆದಿದ್ದಾರೆ ಎಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಮುಂದಿನ ಬೇಸಿಗೆಗೆ ಹೋದಾಗ ಕಾಯಕ ಬಂಧು (ಕೂಲಿಕಾರರ ಗುಂಪಿನ ಮೇಲ್ವಿಚಾರಕ) ಕೆಲಸದ ಜಾಗದಲ್ಲೇ ಹಾಜರಿ ಕೂಗಿ ಹೇಳುತ್ತಿದ್ದ. ಕೂಗದೆ ಇರಲು ಹೆಂಗಸರು ಬಿಟ್ಟರೆ ತಾನೆ.

ನಿಮ್ಮ ಅನುಮಾನದಲ್ಲಿ ಒಂದು ಪಾಲು ನನಗೂ ಇದೆ. ಪತ್ತೆಯಾದ ದುರುಪಯೋಗದಲ್ಲಿ ವಸೂಲಾಗುವುದು ದೇಶದಲ್ಲೆಲ್ಲ ತೀರಾ ಸ್ವಲ್ಪ. ಪರಿಶೋಧಕರಿಗೆ ಬರೆಯುವ ಅಧಿಕಾರವಿದೆ, ದಂಡ ಹಾಕುವ ಅಧಿಕಾರವಿಲ್ಲ. ವರದಿ ಮತ್ತೆ ನಿಮ್ಮ ಉಪ್ಪಿಟ್ಟಿನ ಸಾಹೇಬರ ಮೇಜಿಗೇ ಹೋಗಿ ಕೂರುತ್ತದೆ.

ನಿಮ್ಮ ಪಂಚಾಯಿತಿಯ ಹಿಂದಿನ ಪರಿಶೋಧನಾ ವರದಿ ಕೇಳಿ ನೋಡಿ. ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿ. ವಸೂಲಿಗೆ ಬರೆದ ಮೊತ್ತವೆಷ್ಟು, ಜಮಾ ಆದದ್ದೆಷ್ಟು ನೋಡಿ, ನಮಗೂ ಒಂದು ಪ್ರತಿ ಕಳಿಸಿ. ಇದೇ ಪುಟದಲ್ಲಿ ಹಾಕೋಣ.