ಓದುಗರ ಪ್ರಶ್ನೆ: ಬಸ್ಸಿನ ಮೊದಲ ಮೆಟ್ಟಿಲು, ರ‍್ಯಾಂಪಿನ ಇಳಿಜಾರು

ನಮ್ಮ ಅವ್ವಗ ಎಪ್ಪತ್ತೆರಡು ವರ್ಷ. ಮೊಣಕಾಲಿನ ಆಪರೇಷನ್ ಆಗಿ ನಾಲ್ಕು ತಿಂಗಳಾತು, ವಾಕರ್ ಹಿಡಿದು ನಡೀತಾಳ. ಬಸ್ಸಿನಾಗ ಓಡಾಡಲಿಕ್ಕೆ ಡಾಕ್ಟರು ಅಡ್ಡಿಯಿಲ್ಲ ಅಂದಾರ. ಆದ್ರ ಸಿಟಿ ಬಸ್ಸಿನ ಮೊದಲ ಮೆಟ್ಟಿಲೇ ಏರಲಿಕ್ಕೆ ಆಗವಲ್ದು. ಹಿಂದಿನಿಂದ ಎತ್ತಿದ್ರ ಅಂಜತಾಳ.
– ಆಳಂದ ರಸ್ತೆ, ಕಲಬುರಗಿ

ಎತ್ತಬೇಡಿ. ಕಂಕುಳಿಗೆ ಕೈ ಹಾಕಿ ಎತ್ತಿದ ಕೂಡಲೇ ಅವರ ಕೈ ಕಂಬಿ ಬಿಡುತ್ತದೆ, ಭಾರವೆಲ್ಲ ನಿಮ್ಮ ಸೊಂಟಕ್ಕೆ ಬರುತ್ತದೆ. ಇಬ್ಬರೂ ಒಟ್ಟಿಗೆ ಬೀಳುವುದು ಹೀಗೆಯೇ. ಎತ್ತಬೇಕಾದದ್ದು ಅವ್ವನನ್ನಲ್ಲ, ಅವರು ನಿಲ್ಲುವ ನೆಲವನ್ನು.

ರಸ್ತೆಯಿಂದ ಬಸ್ಸಿನ ಮೊದಲ ಮೆಟ್ಟಿಲು 40 ಸೆಂ.ಮೀ. ಇದೆ ಎನ್ನೋಣ. ಫುಟ್‌ಪಾತಿನ ಅಂಚು 15 ಸೆಂ.ಮೀ. ಇದ್ದರೆ ಅದರ ಮೇಲಿನಿಂದ ಏರುವವರಿಗೆ ಉಳಿಯುವುದು 25 ಸೆಂ.ಮೀ. ಮಾತ್ರ. ಆದರೆ ಸ್ಟಾಪಿನ ಮುಂದೆ ಆಟೋ ನಿಂತಿರುತ್ತವೆ, ಬಸ್ಸು ರಸ್ತೆಯ ನಡುವೆಯೇ ನಿಲ್ಲುತ್ತದೆ, ಜನ ಕೆಳಗಿಳಿದು ಓಡುತ್ತಾರೆ. ಅವ್ವ ಫುಟ್‌ಪಾತಿನ ಮೇಲೆಯೇ ನಿಲ್ಲಲಿ. ನೀವು ನಾಲ್ಕು ಹೆಜ್ಜೆ ಮುಂದೆ ಹೋಗಿ ಡ್ರೈವರ್‌ಗೆ ವಾಕರ್ ಕಾಣುವಂತೆ ಮೇಲೆತ್ತಿ ತೋರಿಸಿ, ಅಂಚಿಗೆ ತಾಗಿಸಿ ನಿಲ್ಲಿಸಲು ಕೈ ಮಾಡಿ. ಸಾಧ್ಯವಾದಾಗಲೆಲ್ಲ ಬಸ್ಸು ಹೊರಡುವ ಮೊದಲ ಸ್ಟಾಪಿನಲ್ಲೇ ಹತ್ತಿಸಿ. ಅಲ್ಲಿ ಬಸ್ಸು ನಿಂತಿರುವುದರಿಂದ ಅವಸರವಿರುವುದಿಲ್ಲ.

ಅಂಚು ಸಿಗದ ಕಡೆಗೆ ಒಂದು ಕಿರುಮಣೆ ಮಾಡಿಸಿ: ಎತ್ತರ 15ರಿಂದ 20 ಸೆಂ.ಮೀ., ಮೇಲ್ಭಾಗ 40 x 30 ಸೆಂ.ಮೀ., ನಾಲ್ಕೂ ಕಾಲಿಗೆ ರಬ್ಬರ್ ಬುಶ್. ಎತ್ತಿಕೊಳ್ಳಲು ಮೇಲೆ ಒಂದು ಹಗ್ಗ ಕಟ್ಟಿದರೆ ಬಸ್ಸಿನೊಳಗಿಂದಲೇ ಎಳೆದುಕೊಳ್ಳಬಹುದು. ಬೋರಲು ಹಾಕಿದ ಬಕೆಟ್, ಸಿಕ್ಕ ಕಲ್ಲು ಬೇಡವೇ ಬೇಡ.

ಕಾಲಿಡುವ ಕ್ರಮ ಅವ್ವನ ಬಾಯಿಗೇ ಬರಲಿ: ಏರುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಏರುವಾಗ ಮೈಭಾರವನ್ನು ಮೇಲೆಳೆಯುವುದು ಮೊದಲು ಇಟ್ಟ ಕಾಲು. ಇಳಿಯುವಾಗ ಆ ಕೆಲಸ ಮೇಲಿನ ಮೆಟ್ಟಿಲಲ್ಲಿ ಉಳಿದ ಕಾಲಿನದು. ಎರಡೂ ಸಲ ಗಟ್ಟಿ ಕಾಲೇ ದುಡಿಯಬೇಕು. ವಾಕರನ್ನು ಮಡಚಿ ಮೊದಲೇ ಒಳಗೆ ಕೊಡಿ. ಅವ್ವನ ಎರಡೂ ಕೈ ಕಂಬಿಯ ಮೇಲಿರಲಿ. ಏರುವಾಗ ನೀವು ಹಿಂದೆ, ಇಳಿಯುವಾಗ ಮುಂದೆ, ಒಂದು ಮೆಟ್ಟಿಲು ಕೆಳಗೆ. ಅವರ ಸೊಂಟಕ್ಕೆ ಅಗಲ ಪಟ್ಟಿ ಕಟ್ಟಿ ಅದನ್ನು ಹಿಡಿಯಿರಿ, ತೋಳು ಜಗ್ಗಬೇಡಿ. ಕೂತಾದ ಮೇಲೆ "ಹೋಗ್ಲಿ ರೀ" ಎಂದು ಕಂಡಕ್ಟರ್‌ಗೆ ನೀವೇ ಹೇಳಿ. ಪೆಟ್ಟು ಆಗುವುದು ಏರುವಾಗ ಮಾತ್ರವಲ್ಲ, ಏರಿ ಸೀಟು ಹುಡುಕುವಾಗ ಬಸ್ಸು ಹೊರಟುಬಿಡುವುದರಿಂದಲೂ.

ತಮ್ಮನಿಗೆ ಪೋಲಿಯೊ. ಯುಡಿಐಡಿ ಕಾರ್ಡಿನಲ್ಲಿ (ಅಂಗವಿಕಲರ ಗುರುತಿನ ಚೀಟಿ) ಶೇ. 65 ಅಂತ ಇದೆ. ಕಲಬುರಗಿಗೂ ಬೀದರ್‌ಗೂ ಓಡಾಡುತ್ತಾನೆ. ಬಸ್ ಪಾಸ್ ಎರಡೂ ಕಡೆ ನಡೆಯುತ್ತದೆಯೇ?
– ಹುಮನಾಬಾದ್

ನಡೆಯುತ್ತದೆ. ಅಂಗವೈಕಲ್ಯ ಶೇ. 40 ಅಥವಾ ಹೆಚ್ಚಿದ್ದವರಿಗೆ ಸಾರಿಗೆ ನಿಗಮದ ರಿಯಾಯಿತಿ ಪಾಸ್ ವರ್ಷಕ್ಕೆ 660 ರೂ. ವಾಸಸ್ಥಳದಿಂದ 100 ಕಿ.ಮೀ. ವರೆಗೆ ಅದರ ವ್ಯಾಪ್ತಿ. ಹುಮನಾಬಾದಿನಿಂದ ಎರಡೂ ಊರು ಆ ಅಳತೆಯೊಳಗಿವೆ. ತಮ್ಮ ಕಲಬುರಗಿಯಲ್ಲಿ ಮನೆ ಮಾಡಿ ಅಲ್ಲಿಯ ವಿಳಾಸ ಕೊಟ್ಟರೆ ಬೀದರ್ ಹೊರಗುಳಿಯುತ್ತದೆ. ಯಾವ ವಿಳಾಸ ಕೊಡುತ್ತೀರಿ ಎಂಬುದನ್ನು ಯೋಚಿಸಿಯೇ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಿ. ಆಧಾರ್‌ನಲ್ಲಿ ಒಂದು ಹೆಸರು, ಯುಡಿಐಡಿಯಲ್ಲಿ ಇನ್ನೊಂದು ಕಾಗುಣಿತ ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ, ಮೊದಲು ಅದನ್ನು ತಿದ್ದಿಸಿ. ಪಾಸಿನ ಲೆಕ್ಕ ಕ್ಯಾಲೆಂಡರ್ ವರ್ಷದ್ದು. ಅಕ್ಟೋಬರ್‌ನಲ್ಲಿ ಪಡೆದರೂ ಡಿಸೆಂಬರ್‌ಗೆ ಮುಗಿಯುತ್ತದೆ.

ಜಹೀರಾಬಾದ್ ಬಸ್ಸಿನಲ್ಲಿ ಅತ್ತೆಯವರಿಗೆ ಶಕ್ತಿ ಯೋಜನೆಯ ಟಿಕೆಟ್ ಕೊಡಲಿಲ್ಲ. ಇಳಿದದ್ದು ಕರ್ನಾಟಕದೊಳಗೇ.
– ಬೀದರ್

ಅಂತರರಾಜ್ಯ ಬಸ್ಸಿಗೆ ಶಕ್ತಿ ಅನ್ವಯಿಸುವುದಿಲ್ಲ, ನೀವು ಗಡಿಯ ಈಚೆಗೇ ಇಳಿದರೂ ಅಷ್ಟೆ. ಅದೇ ದಾರಿಯ ರಾಜ್ಯದೊಳಗಿನ ಬಸ್ಸು ಹಿಡಿಯಿರಿ. ಮಾವನವರಿಗೆ 60 ತುಂಬಿದ್ದರೆ ವಯಸ್ಸಿನ ಗುರುತಿನ ಚೀಟಿ ತೋರಿಸಿ ಶೇ. 25 ರಿಯಾಯಿತಿ ಕೇಳಿ, ಟಿಕೆಟ್ ಮೆಷಿನ್ನಿನಿಂದ ಹೊರಬರುವ ಮುಂಚೆ. ರೈಲಿನಲ್ಲಿ ಹಿರಿಯರ ರಿಯಾಯಿತಿ 2020ರ ಮಾರ್ಚ್ 20ರಿಂದ ಇಲ್ಲ. ಕೆಳಗಿನ ಬರ್ತಿನ ಕೋಟಾ ಮಾತ್ರ ಈಗಲೂ ಇದೆ.

ಗಾಲಿಕುರ್ಚಿಯಲ್ಲಿರುವ ಅಣ್ಣನನ್ನು ಯಾದಗಿರಿಯಿಂದ ಬೆಂಗಳೂರಿಗೆ ರೈಲಿನಲ್ಲಿ ಕರೆದೊಯ್ಯಬೇಕು.
– ಯಾದಗಿರಿ

ಜೊತೆಗಾರರಿಲ್ಲದೆ ಪ್ರಯಾಣಿಸಲಾಗದ ಅಂಗವಿಕಲರಿಗೆ ಸ್ಲೀಪರ್ ಮತ್ತು ಮೂರನೇ ದರ್ಜೆ ಎಸಿಯಲ್ಲಿ ಶೇ. 75 ರಿಯಾಯಿತಿ ಇದೆ, ಜೊತೆಗಾರರೊಬ್ಬರಿಗೂ ಅಷ್ಟೇ. ರೈಲ್ವೆಯ ದಿವ್ಯಾಂಗ ಗುರುತಿನ ಚೀಟಿ ಮಾಡಿಸಿಕೊಂಡರೆ ಮನೆಯಿಂದಲೇ ಟಿಕೆಟ್ ತೆಗೆಯಬಹುದು. ಬುಕ್ ಮಾಡುವಾಗ ಕೋಟಾದಲ್ಲಿ ದಿವ್ಯಾಂಗ ಎಂದು ಆರಿಸಲು ಮರೆಯಬೇಡಿ. ಸಾಮಾನ್ಯ ಕೋಟಾದಲ್ಲಿ ತೆಗೆದರೆ ಮೇಲಿನ ಬರ್ತ್ ಬಿದ್ದೀತು.

ನಿಜವಾದ ತೊಡಕು ಬೋಗಿಯೊಳಗಿನ ಓಣಿದಾರಿ. ಸ್ಲೀಪರ್ ಬೋಗಿಯಲ್ಲಿ ಗಾಲಿಕುರ್ಚಿ ಬರ್ತಿನವರೆಗೆ ಹೋಗುವುದಿಲ್ಲ. ಬಾಗಿಲ ಬಳಿ ಇಳಿಸಿ ಕುರ್ಚಿ ಮಡಚಬೇಕು, ಅಲ್ಲಿಂದ ಇಬ್ಬರು ಕೈಜೋಡಿಸಿ ಕೂರಿಸಿಕೊಂಡು ಹೋಗಬೇಕು. ಹಾಗಾಗಿ ಬಾಗಿಲ ಹತ್ತಿರದ ಬರ್ತ್ ಸಿಕ್ಕರೆ ಒಳ್ಳೆಯದು. ಬಹಳಷ್ಟು ಎಕ್ಸ್‌ಪ್ರೆಸ್ ಗಾಡಿಗಳ ತುದಿಯಲ್ಲಿ ಅಗಲ ಬಾಗಿಲಿನ ದಿವ್ಯಾಂಗರ ಬೋಗಿ ಇರುತ್ತದೆ. ಅದರಲ್ಲಿ ಹೋಗುವುದಾದರೆ ಪ್ಲಾಟ್‌ಫಾರ್ಮಿನ ಯಾವ ತುದಿಗೆ ಅದು ಬರುತ್ತದೆಂದು ಸ್ಟೇಷನ್ ಮಾಸ್ಟರ್ ಬಳಿ ಕೇಳಿ, ಅರ್ಧ ಗಂಟೆ ಮುಂಚೆಯೇ ಅಲ್ಲಿರಿ. ಗಾಡಿ ನಿಂತ ಮೇಲೆ ಗಾಲಿಕುರ್ಚಿ ತಳ್ಳಿಕೊಂಡು ಓಡಿದರೆ ತಲುಪುವುದಿಲ್ಲ. ಸಹಾಯಕ್ಕೆ 139.

ನಮ್ಮ ಓಣಿಯ ಬಸ್ ತಂಗುದಾಣದ ಕಟ್ಟಿ ಒಂದೂವರೆ ಅಡಿ ಎತ್ತರ ಐತಿ. ರ‍್ಯಾಂಪ್ ಆರು ಅಡಿ ಉದ್ದ ಹಾಕ್ಯಾರ. ಅಪ್ಪನ ಗಾಲಿಕುರ್ಚಿ ತಳ್ಳಲಿಕ್ಕೆ ಇಬ್ಬರು ಬೇಕಾಗ್ತಾರ. ಇದು ಸರಿ ಐತೇನ್ರಿ?
– ಜೇವರ್ಗಿ

ಸರಿಯಿಲ್ಲ. ಅಳತೆ 1:12, ಅಂದರೆ ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ. ನಿಮ್ಮ 18 ಇಂಚಿನ ಕಟ್ಟೆಗೆ 18 ಅಡಿ ಬೇಕು. ಈಗಿರುವುದು 1:4, ಅದು ಮೋಟಾರ್‌ಸೈಕಲ್ ಏರಿಸುವ ಇಳಿಜಾರು. ಉದ್ದಕ್ಕೆ ಜಾಗವಿಲ್ಲದಿದ್ದರೆ ನಡುವೆ ಒಂದೂವರೆ ಮೀಟರ್ ಸಮತಟ್ಟು ಬಿಟ್ಟು ತಿರುಗಿಸಬೇಕು. ಅಗಲ 1.2 ಮೀಟರ್, ಎರಡೂ ಬದಿಗೆ 70 ಮತ್ತು 90 ಸೆಂ.ಮೀ. ಎತ್ತರದಲ್ಲಿ ಹಿಡಿದುಕೊಳ್ಳುವ ಕಂಬಿ.

ನಮ್ಮ ಭಾಗದಲ್ಲಿ ಎರಡು ವಿಷಯ ಬೇರೆಯಾಗಿ ನೋಡಬೇಕು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಅದನ್ನು ತೆಗೆದು ಮುರುಮ್ (ಗರಸು ಮಣ್ಣು) ತುಂಬಿ ಪದರ ಪದರವಾಗಿ ಗುದ್ದದೆ ಕಟ್ಟಿದರೆ ಒಂದೇ ವರ್ಷದಲ್ಲಿ ರ‍್ಯಾಂಪಿನ ಬುಡದಲ್ಲಿ ಒಂದಿಂಚಿನ ಹೊಸ್ತಿಲು ಏಳುತ್ತದೆ. ಮುಂದಿನ ಸಣ್ಣ ಗಾಲಿ ಅದಕ್ಕೆ ತಾಗಿ ನಿಲ್ಲುತ್ತದೆ, ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಇನ್ನು ಶಹಾಬಾದ್ ಫರಸಿ: ಪಾಲಿಶ್ ಮಾಡಿದ್ದು ಒದ್ದೆಯಾದರೆ ಜಾರುತ್ತದೆ, ಒರಟು ಮುಖವೇ ಮೇಲಿರಲಿ. ಕಲ್ಲುಗಳ ನಡುವಿನ ಸಂದು 12 ಮಿ.ಮೀ. ಮೀರಿದರೆ ಸಣ್ಣ ಗಾಲಿ ಸಿಕ್ಕಿಕೊಳ್ಳುತ್ತದೆ. ಸಿಮೆಂಟ್ ತುಂಬಿಸಿ ಮಟ್ಟ ಮಾಡಿಸಿ.

ಅರ್ಜಿ ಬರೆಯುವಾಗ "ರ‍್ಯಾಂಪ್ ಕಡಿದಾಗಿದೆ" ಎಂದಷ್ಟೇ ಬರೆದರೆ ಯಾರೂ ಅಲುಗುವುದಿಲ್ಲ. ಟೇಪು ಹಿಡಿದು ಎರಡು ಫೋಟೊ ತೆಗೆಯಿರಿ, ಒಂದು ಎತ್ತರದ್ದು, ಒಂದು ಉದ್ದದ್ದು, ಅಂಕಿ ಓದುವಂತಿರಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 41ನೇ ಕಲಮನ್ನು ನಮೂದಿಸಿ. ಬಸ್ ನಿಲ್ದಾಣಗಳು ಸುಗಮ್ಯತೆಯ ಮಾನದಂಡದಂತೆ ಇರಬೇಕೆಂದು ಹೇಳುವುದು ಅದೇ. ಸ್ಥಳೀಯ ಸಂಸ್ಥೆಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಆ ಪ್ರತಿಯನ್ನೇ ಲಗತ್ತಿಸಿ ಬೆಂಗಳೂರಿನಲ್ಲಿರುವ ರಾಜ್ಯ ಅಂಗವಿಕಲರ ಆಯುಕ್ತರಿಗೆ ಕಳಿಸಿ.